ಕ್ಯಾನ್ಸರ್ ಗಡ್ಡೆಯಲ್ಲಿ ಹಾರ್ಮೋನ್ ಜೀನ್ ಅಳೆಯುವುದು: ಯಾವ ವಿಧಾನ ಯಾರಿಗೆ ಸರಿ?

ಹೋದ ತಿಂಗಳು ಒಂದೇ ವಾರದಲ್ಲಿ ಮೂವರು ನನ್ನ ಹತ್ತಿರ ಬಂದರು.

ಒಬ್ಬಳು ಹುಬ್ಬಳ್ಳಿಯಲ್ಲಿ ಪೆಥಾಲಜಿ ಎಂ.ಡಿ. ಓದುತ್ತಿರುವ ಹುಡುಗಿ. ಸ್ತನ ಕ್ಯಾನ್ಸರಿನ 40 ಬ್ಲಾಕ್ (ಮೇಣದಲ್ಲಿ ಕೂರಿಸಿದ ಗಡ್ಡೆಯ ತುಂಡು) ಕೈಯಲ್ಲಿವೆ. ಥೀಸಿಸ್ ಒಪ್ಪಿಸಲು 14 ತಿಂಗಳು ಉಳಿದಿದೆ. ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ರಿಸೆಪ್ಟರಿನ (ಇಆರ್) ಜೀನ್ ಎಷ್ಟು ಚುರುಕಾಗಿದೆ ಅಂತ ನೋಡಬೇಕು. ಐಎಚ್‌ಸಿ (ಸ್ಲೈಡಿಗೆ ಬಣ್ಣ ಹಾಕಿ ಪ್ರೋಟೀನ್ ನೋಡುವುದು) ಮಾಡಲೋ, ಪಿಸಿಆರ್ (ಆರ್‌ಎನ್‌ಎ ಎಣಿಸುವುದು) ಮಾಡಲೋ ಎಂಬ ಗೊಂದಲ. ಇನ್ನೊಬ್ಬ ಧಾರವಾಡದಲ್ಲಿ ಪಿಎಚ್‌.ಡಿ. ಮಾಡುವ ಹುಡುಗ. ಶ್ವಾಸಕೋಶದ ಕೆಲವು ಗಡ್ಡೆಗಳು ತಾವೇ ಎಸಿಟಿಎಚ್ (ಅಡ್ರಿನಲ್ ಗ್ರಂಥಿಯನ್ನು ಎಬ್ಬಿಸುವ) ಹಾರ್ಮೋನ್ ತಯಾರಿಸುತ್ತವೆ, ಅದನ್ನು ಹಿಡಿಯಬೇಕು ಅಂತ ಅವನ ಆಸೆ. ಯಾರೋ "ಆರ್‌ಎನ್‌ಎ ಸೀಕ್ವೆನ್ಸಿಂಗ್ ಮಾಡಿಸಿಬಿಡು" ಅಂದಿದ್ದಾರೆ. ಇರುವ ಹಣ ಅರ್ಧಕ್ಕೂ ಸಾಲದು.

ಮೂರನೆಯವರು ಗದಗಿನಿಂದ ಬಂದಿದ್ದ ಒಬ್ಬ ಅಣ್ಣ. ತಂಗಿಗೆ ಸ್ತನ ಕ್ಯಾನ್ಸರ್. ಕೈಯಲ್ಲಿ ಪ್ಲಾಸ್ಟಿಕ್ ಫೈಲು. "ಅಕ್ಕಾರ, ಇದರಾಗ ಇಆರ್ ನೆಗೆಟಿವ್ ಅಂತ ಬರದಾರ್ರಿ. ಇನ್ನೂ ದೊಡ್ಡ ಜೀನ್ ಟೆಸ್ಟ್ ಐತೆಂತ, ಲಕ್ಷಗಟ್ಟಲೆ ಆಕ್ಕೈತೆಂತ. ಹೊಲ ಒತ್ತಿ ಹಾಕಿಯಾದ್ರೂ ಮಾಡಸೂಣೇನ್ರಿ?" ಅಂತ ಕೇಳಿದರು.

ನಾನು ಹಲವು ವರ್ಷ ಹಿಸ್ಟೋಪೆಥಾಲಜಿ ಲ್ಯಾಬಿನಲ್ಲಿ ಸ್ಲೈಡ್ ಮಾಡಿದವಳು, ಈಗ ಮಾಲಿಕ್ಯುಲರ್ ಲ್ಯಾಬಿನಲ್ಲಿದ್ದೇನೆ. ಮೂವರಿಗೂ ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಗೊಂದಲದಲ್ಲಿ ಇನ್ನೂ ಎಷ್ಟೋ ಜನ ಇದ್ದಾರೆ.

ಮೊದಲು ಪ್ರಶ್ನೆ, ಆಮೇಲೆ ಯಂತ್ರ

"ಹಾರ್ಮೋನ್ ಜೀನ್" ಅಂದಾಗ ಎರಡು ಬೇರೆ ಬೇರೆ ಸಂಗತಿ ಒಂದೇ ಹೆಸರಲ್ಲಿ ಓಡಾಡುತ್ತವೆ. ಒಂದು, ಹಾರ್ಮೋನನ್ನು ತಯಾರಿಸುವ ಜೀನ್. ಎಸಿಟಿಎಚ್‌ಗೆ ಪಿಒಎಂಸಿ, ಥೈರಾಯ್ಡಿನ ಮೆಡುಲರಿ ಕ್ಯಾನ್ಸರಿನಲ್ಲಿ ಬರುವ ಕ್ಯಾಲ್ಸಿಟೋನಿನ್‌ಗೆ ಕ್ಯಾಲ್ಕಾ. ಇನ್ನೊಂದು, ಹಾರ್ಮೋನನ್ನು ಹಿಡಿದುಕೊಳ್ಳುವ ರಿಸೆಪ್ಟರಿನ ಜೀನ್. ಈಸ್ಟ್ರೋಜನ್‌ಗೆ ಇಎಸ್‌ಆರ್1, ಪ್ರೊಜೆಸ್ಟರೋನ್‌ಗೆ ಪಿಜಿಆರ್, ಪ್ರೊಸ್ಟೇಟಿನಲ್ಲಿ ಗಂಡು ಹಾರ್ಮೋನಿಗೆ ಎಆರ್. ನಿಮ್ಮದು ಯಾವ ಗುಂಪು ಅಂತ ಮೊದಲು ಗೊತ್ತಾಗಬೇಕು. ಯಾಕೆ ಅಂತ ಖಾನಾವಳಿಯ ಲೆಕ್ಕದಲ್ಲಿ ಹೇಳುತ್ತೇನೆ.

ಧಾರವಾಡದ ಯಾವುದೇ ಖಾನಾವಳಿ ತೆಗೆದುಕೊಳ್ಳಿ. ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ ಅಂದರೆ ಆರ್‌ಎನ್‌ಎ, ಜೀನಿನ ನಕಲು. ತಟ್ಟೆಗೆ ಬರುವ ರೊಟ್ಟಿ ಅಂದರೆ ಪ್ರೋಟೀನ್. ರಿಸೆಪ್ಟರ್ ಎಂಬುದು ಅಲ್ಲೇ ಕೂತು ಉಣ್ಣುವವರ ರೊಟ್ಟಿ. ಚೀಟಿ ಎಣಿಸಿದರೂ ತಟ್ಟೆ ಎಣಿಸಿದರೂ ಲೆಕ್ಕ ಹೆಚ್ಚುಕಡಿಮೆ ತಾಳೆಯಾಗುತ್ತದೆ. ಹಾರ್ಮೋನ್ ಹಾಗಲ್ಲ. ಅದು ಪಾರ್ಸೆಲ್ ರೊಟ್ಟಿ. ಬೇಯಿಸಿದ ಕೂಡಲೇ ಹೊರಗೆ ಹೋಗಿಬಿಡುತ್ತದೆ. ಅಡುಗೆಮನೆಯಲ್ಲಿ ಹುಡುಕಿದರೆ ರೊಟ್ಟಿ ಕಾಣದೇ ಇರಬಹುದು, ಮಾಡಿದ್ದು ಮಾತ್ರ ನೂರಾರು. ಬೇರೆ ಕಡೆಯಿಂದ ಬಂದ ರೊಟ್ಟಿ ಇನ್ನೊಬ್ಬರ ಮನೆಯಲ್ಲಿ ಸಿಗಲೂಬಹುದು. ಹಾಗಾಗಿ ಹಾರ್ಮೋನನ್ನು ಯಾರು ಮಾಡಿದರು ಅಂತ ಗೊತ್ತಾಗಬೇಕಾದರೆ ಚೀಟಿ ನೋಡಲೇಬೇಕು.

ಇದಾದ ಮೇಲೆ ಉಳಿದ ಪ್ರಶ್ನೆಗಳು ಸುಲಭ. ಯಾವ ಕೋಶದಲ್ಲಿ ಅಂತ ತಿಳಿಯಬೇಕೋ, ಒಟ್ಟು ಎಷ್ಟು ಅಂತ ತಿಳಿದರೆ ಸಾಕೋ? ಒಂದೆರಡು ಜೀನೋ, ಸಾವಿರಾರೋ? ಗಡ್ಡೆಯ ತುಂಡು ಮೇಣದ ಬ್ಲಾಕಿನಲ್ಲಿದೆಯೋ, ಈಗಷ್ಟೇ ತೆಗೆದದ್ದೋ? ಉತ್ತರದಿಂದ ಒಬ್ಬ ರೋಗಿಯ ಔಷಧಿ ತೀರ್ಮಾನವಾಗುತ್ತದೆಯೋ, ಅಥವಾ ಇದು ಸಂಶೋಧನೆಯೋ? ಕೊನೆಗೆ ಹಣ, ಸಮಯ, ಪಳಗಿದ ಕೈ. ಹಣವನ್ನು ಬೇಕಂತಲೇ ಕೊನೆಗೆ ಇಟ್ಟೆ. ಹೆಚ್ಚಿನವರು ಅದನ್ನೇ ಮೊದಲು ನೋಡಿ, ಆಮೇಲೆ ಎರಡು ಸಲ ಖರ್ಚು ಮಾಡುತ್ತಾರೆ.

ಗಡ್ಡೆ ತೆಗೆದ ಮೊದಲ ಗಂಟೆ

ವಿಧಾನಗಳಿಗೆ ಹೋಗುವ ಮುಂಚೆ ಇದನ್ನು ಹೇಳದೇ ಇದ್ದರೆ ನನಗೆ ಸಮಾಧಾನ ಇಲ್ಲ.

ಸುಮಾರು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಆಸ್ಪತ್ರೆಯಿಂದ ಪೂರ್ತಿ ಸ್ತನದ ತುಂಡು ನಮ್ಮ ಲ್ಯಾಬಿಗೆ ಬಂತು. ಬಾಯಿ ಕಿರಿದಾದ ಡಬ್ಬಿಯಲ್ಲಿ ತುರುಕಿದ್ದರು. ತುಂಡು ಅರ್ಧ ಮುಳುಗುವಷ್ಟು ಮಾತ್ರ ಫಾರ್ಮಲಿನ್ (ತುಂಡು ಕೆಡದಂತೆ ಹಿಡಿದಿಡುವ ದ್ರಾವಣ). ಕತ್ತರಿಸಿಯೂ ಇರಲಿಲ್ಲ. ಒಂದೂವರೆ ದಿನದ ನಂತರ ನಾವು ಕೊಯ್ದಾಗ ಹೊರಗೆ ಬೂದು ಬಣ್ಣ, ಒಳಗೆ ಹಸಿ ಕೆಂಪು. ಆ ಗಡ್ಡೆಗೆ ಇಆರ್ ಬಣ್ಣ ಹಾಕಿದೆವು. ಅಂಚಿನಲ್ಲಿ ಗಾಢ ಕಂದು, ನಡುವೆ ಬರೀ ನೀಲಿ. ಒಂದೇ ಗಡ್ಡೆ, ಅಂಚಿಗೆ ಪಾಸಿಟಿವ್, ನಡುವಿಗೆ ನೆಗೆಟಿವ್. ಬ್ಲಾಕಿಗೆ ನಡುವಿನ ಭಾಗ ಮಾತ್ರ ತೆಗೆದಿದ್ದರೆ ಆ ತಾಯಿಗೆ ಹಾರ್ಮೋನ್ ಮಾತ್ರೆಯೇ (ಈಸ್ಟ್ರೋಜನ್ ಕೆಲಸ ತಡೆಯುವ ಮಾತ್ರೆ) ಸಿಗುತ್ತಿರಲಿಲ್ಲ. ಆ ಸ್ಲೈಡ್ ಇವತ್ತಿಗೂ ಕಣ್ಣ ಮುಂದಿದೆ.

ಫಾರ್ಮಲಿನ್ ಒಂದು ಗಂಟೆಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಅಷ್ಟೇ ಒಳಗೆ ಇಳಿಯುತ್ತದೆ. ಅದಕ್ಕೇ ದೊಡ್ಡ ತುಂಡನ್ನು ಬ್ರೆಡ್ಡಿನ ಹಾಗೆ ಹೋಳು ಮಾಡಿ ಹಾಕಬೇಕು. ತುಂಡಿನ ಹತ್ತು ಪಟ್ಟು ಫಾರ್ಮಲಿನ್ ಇರಬೇಕು, ಅದೂ 10 ಪ್ರತಿಶತದ ಬಫರ್ ಮಾಡಿದ್ದು. ಇಆರ್, ಪಿಆರ್ (ಪ್ರೊಜೆಸ್ಟರೋನ್ ರಿಸೆಪ್ಟರ್) ಪರೀಕ್ಷೆಗೆ ಅಮೆರಿಕದ ತಜ್ಞರ ಸಂಘಗಳು ಹಾಕಿಕೊಟ್ಟ ನಿಯಮ ಹೀಗಿದೆ: ಮೈಯಿಂದ ಬೇರೆಯಾದ ಒಂದು ಗಂಟೆಯೊಳಗೆ ಫಾರ್ಮಲಿನ್, ಅದರಲ್ಲಿ ಕನಿಷ್ಠ 6 ಗಂಟೆ, ಗರಿಷ್ಠ 72 ಗಂಟೆ. ಶನಿವಾರ ಮಧ್ಯಾಹ್ನ ಆಪರೇಷನ್ ಆಗಿ, ಸೋಮವಾರ ಹಬ್ಬದ ರಜೆ ಬಂದು, ಮಂಗಳವಾರ ಸಂಜೆ ಕೊಯ್ದರೆ 72 ದಾಟಿಹೋಯಿತು ನೋಡಿ.

ಆರ್‌ಎನ್‌ಎ ಇನ್ನೂ ಸೂಕ್ಷ್ಮ. ಹಾವೇರಿಯಿಂದಲೋ ಗದಗಿನಿಂದಲೋ ಏಪ್ರಿಲ್ ಬಿಸಿಲಿನಲ್ಲಿ ಬಸ್ಸಿನಲ್ಲಿ ಬರುವ ಹಸಿ ತುಂಡಿನಲ್ಲಿ ಅದು ದಾರಿಯಲ್ಲೇ ಚೂರಾಗುತ್ತದೆ. ಸಂಶೋಧನೆಗೆ ಹಸಿ ತುಂಡು ಬೇಕಿದ್ದರೆ ಆರ್‌ಎನ್‌ಎಲೇಟರ್ ಎಂಬ ದ್ರಾವಣದ ಸಣ್ಣ ಸೀಸೆಗಳನ್ನು ಆಪರೇಷನ್ ಥಿಯೇಟರಿನಲ್ಲಿ ಮೊದಲೇ ಕೊಟ್ಟಿಡಿ. ಅರ್ಧ ಸೆಂಟಿಮೀಟರಿಗಿಂತ ದಪ್ಪ ಇರದ ತುಂಡು ಹಾಕಬೇಕು. 37 ಡಿಗ್ರಿಯಲ್ಲಿ ಒಂದು ದಿನ, 25 ಡಿಗ್ರಿಯಲ್ಲಿ ಒಂದು ವಾರ, ಫ್ರಿಜ್ಜಿನಲ್ಲಿ ಒಂದು ತಿಂಗಳು ತಡೆಯುತ್ತದೆ. ನಮ್ಮ ಊರುಗಳ ದೂರಕ್ಕೂ ಕರೆಂಟಿಗೂ ಇದು ಹೊಂದುತ್ತದೆ. ಮೈನಸ್ 80 ಫ್ರೀಜರ್ ಇದೆ ಅಂತ ಅದನ್ನೇ ನಂಬಿ ಕೂರಬೇಡಿ. ಒಂದು ರಾತ್ರಿ ಜನರೇಟರ್ ಕೈಕೊಟ್ಟರೆ ಎರಡು ವರ್ಷದ ಕೆಲಸ ಕರಗಿಹೋಗುತ್ತದೆ.

ಐಎಚ್‌ಸಿ: ತಟ್ಟೆಯಲ್ಲಿರುವ ರೊಟ್ಟಿ ನೋಡುವುದು

ಮೇಣದ ಬ್ಲಾಕಿನಿಂದ 3–4 ಮೈಕ್ರಾನ್ ದಪ್ಪದ ಪದರ ಕೊಯ್ದು, ಬಿಸಿ ಬಫರಿನಲ್ಲಿ ಕುದಿಸಿ, ಬೇಕಾದ ಪ್ರೋಟೀನಿಗೆ ಮಾತ್ರ ಅಂಟುವ ಆ್ಯಂಟಿಬಾಡಿ ಹಾಕಿ, ಕಂದು ಬಣ್ಣ ಬರಿಸುವುದು. ಎಷ್ಟೋ ಲ್ಯಾಬುಗಳಲ್ಲಿ ಈಗಲೂ ಪ್ರೆಷರ್ ಕುಕ್ಕರಿನಲ್ಲೇ ಕುದಿಸುತ್ತಾರೆ, ಚೆನ್ನಾಗಿಯೇ ಬರುತ್ತದೆ. ಇದರ ದೊಡ್ಡ ಬಲ ಏನೆಂದರೆ ಯಾವ ಕೋಶ ಅಂತ ಕಣ್ಣಿಗೇ ಕಾಣುತ್ತದೆ. ಗಡ್ಡೆಯ ಕೋಶವೋ, ಪಕ್ಕದ ಒಳ್ಳೆಯ ನಾಳದ ಕೋಶವೋ, ರಕ್ತದಿಂದ ಬಂದು ಸೇರಿದ ಕೋಶವೋ, ಎಲ್ಲ ಬೇರೆ ಬೇರೆಯಾಗಿ ಕಾಣುತ್ತವೆ. ಖರ್ಚು ಸಾವಿರಗಳ ಲೆಕ್ಕದಲ್ಲಿ ಮುಗಿಯುತ್ತದೆ. ಹುಬ್ಬಳ್ಳಿ–ಧಾರವಾಡದಲ್ಲೇ ಮಾಡಿಸಬಹುದು, ಬೆಂಗಳೂರಿಗೆ ಓಡಬೇಕಿಲ್ಲ.

ರೋಗಿಯ ಚಿಕಿತ್ಸೆಗೆ ಇಆರ್, ಪಿಆರ್ ತಿಳಿಯಬೇಕಾದರೆ ಇದೇ ಪರೀಕ್ಷೆ. ಇದರ ಬದಲು ಬೇರೆ ಯಾವುದೂ ಇಲ್ಲ. ನೂರರಲ್ಲಿ ಒಂದು ಗಡ್ಡೆಕೋಶದ ನ್ಯೂಕ್ಲಿಯಸ್‌ಗೆ ಬಣ್ಣ ಬಂದರೂ ಪಾಸಿಟಿವ್ ಅಂತ 2010ರ ನಿಯಮ ಹೇಳಿತು. 2020ರಲ್ಲಿ ಅದನ್ನು ತಿದ್ದಿ, 1ರಿಂದ 10 ಪ್ರತಿಶತದವರೆಗೆ ಇದ್ದರೆ "ಇಆರ್ ಲೋ ಪಾಸಿಟಿವ್" ಅಂತ ಬೇರೆಯಾಗಿ ಬರೆಯಲು ಹೇಳಿದರು. ಈ ಗುಂಪಿಗೆ ಹಾರ್ಮೋನ್ ಚಿಕಿತ್ಸೆಯಿಂದ ಎಷ್ಟು ಲಾಭ ಎಂಬುದಕ್ಕೆ ಪುರಾವೆ ಕಡಿಮೆ.

ಸೋಲುವುದು ಎಲ್ಲಿ? ಇದು ನಿಜವಾಗಿ ಅಳತೆಯಲ್ಲ, ಅಂದಾಜು. ಆಲ್‌ರೆಡ್ ಅಂಕ 0ಯಿಂದ 8, ಎಚ್ ಸ್ಕೋರ್ 0ಯಿಂದ 300. ಅಂಕ ಹಾಕುವುದು ಮನುಷ್ಯರ ಕಣ್ಣು. ಇಬ್ಬರು ನೋಡಿದರೆ ಎರಡು ಸಂಖ್ಯೆ ಬರಬಹುದು. ಬಣ್ಣ ಎರಡು ಪಟ್ಟು ಗಾಢವಾದರೆ ಪ್ರೋಟೀನ್ ಎರಡು ಪಟ್ಟು ಅಂತಲೂ ಅಲ್ಲ. ಆ್ಯಂಟಿಬಾಡಿಯ ಕ್ಲೋನ್ (ತಳಿ) ಬದಲಾದರೆ ಫಲಿತಾಂಶವೂ ಸ್ವಲ್ಪ ಜರುಗುತ್ತದೆ. ಥೀಸಿಸ್ ನಡುವೆ ಅಗ್ಗಕ್ಕೆ ಸಿಕ್ಕಿತು ಅಂತ ಇನ್ನೊಂದು ಕ್ಲೋನ್ ತರಬೇಡಿ.

ಈಗ ಗದಗಿನ ಅಣ್ಣನ ಮಾತು. ಅವರ ತಂಗಿಯ ವರದಿ ಸೂಜಿ ಬಯಾಪ್ಸಿಯದು. ಇಆರ್ ನೆಗೆಟಿವ್, ಪಿಆರ್ ನೆಗೆಟಿವ್. ಒಂದು ಸಾಲು ಮಾತ್ರ ಇರಲಿಲ್ಲ: ಪಕ್ಕದ ಆರೋಗ್ಯವಂತ ನಾಳಗಳಿಗೆ ಬಣ್ಣ ಬಂದಿತ್ತೇ? ಸ್ತನದ ಒಳ್ಳೆಯ ನಾಳಗಳಲ್ಲಿ ಕೆಲವು ಕೋಶಗಳಿಗೆ ಇಆರ್ ಬಣ್ಣ ಬರಲೇಬೇಕು. ಅವಕ್ಕೇ ಬಂದಿಲ್ಲ ಅಂದರೆ ಗಡ್ಡೆ ನೆಗೆಟಿವ್ ಅಲ್ಲ, ಪರೀಕ್ಷೆಯೇ ಕೆಟ್ಟಿದೆ. ಆಪರೇಷನ್ ಆಗಿ ದೊಡ್ಡ ತುಂಡಿನ ಬ್ಲಾಕ್ ಇತ್ತಲ್ಲ, ಅದರ ಮೇಲೆ ಮತ್ತೆ ಮಾಡಿಸಲು ಡಾಕ್ಟರನ್ನು ಕೇಳಿ ಅಂದೆ. ಮರುಪರೀಕ್ಷೆಯಲ್ಲಿ ಇಆರ್ ಪಾಸಿಟಿವ್ ಬಂತು. ಪ್ರತಿ ಸಲ ಹೀಗಾಗುವುದಿಲ್ಲ, ಹೆಚ್ಚಿನ ನೆಗೆಟಿವ್‌ಗಳು ನಿಜವಾದ ನೆಗೆಟಿವ್‌ಗಳೇ. ಆದರೆ ಕೇಳುವುದಕ್ಕೆ ದುಡ್ಡು ಬೇಕಿಲ್ಲ, ಅಲ್ವಾ?

ಆರ್‌ಟಿ-ಪಿಸಿಆರ್: ಚೀಟಿ ಎಣಿಸುವುದು

2020ರ ಮೊದಲು ಈ ಹೆಸರು ಹೇಳಿದರೆ ಎಲ್ಲವನ್ನೂ ಬಿಡಿಸಿ ಹೇಳಬೇಕಿತ್ತು. ಕೋವಿಡ್ ಬಂದ ಮೇಲೆ ಹಳ್ಳಿಯವರೂ "ಸಿಟಿ ವ್ಯಾಲ್ಯೂ ಎಷ್ಟು ಬಂತು" ಅಂತ ಕೇಳುವಂತಾಯಿತು. ನಮ್ಮ ಭಾಗದ ವೈದ್ಯಕೀಯ ಕಾಲೇಜುಗಳಿಗೂ ಆಗ ಯಂತ್ರಗಳು ಬಂದವು. ಅನುಮತಿ ಸಿಕ್ಕರೆ ಬಿಡುವಿನ ವೇಳೆಯಲ್ಲಿ ಬಳಸಿಕೊಳ್ಳಬಹುದು. ಅಲ್ಲಿಗೆ ದೊಡ್ಡ ಖರ್ಚು ಉಳಿಯಿತು. ಉಳಿದದ್ದು ಆರ್‌ಎನ್‌ಎ ತೆಗೆಯುವ ಕಿಟ್, ಪ್ರೈಮರ್ (ಬೇಕಾದ ಜೀನನ್ನು ಹಿಡಿಯುವ ಚಿಕ್ಕ ಡಿಎನ್‌ಎ ತುಣುಕು), ಎಂಜೈಮ್.

ಸಿಟಿ ಅಂದರೆ ಸಿಗ್ನಲ್ ಕಾಣಲು ಯಂತ್ರಕ್ಕೆ ಎಷ್ಟು ಸುತ್ತು ಬೇಕಾಯಿತು ಎಂಬ ಲೆಕ್ಕ. ಅದು ಒಂದು ಅಂಕಿ ಕಡಿಮೆಯಾದರೆ ಆರ್‌ಎನ್‌ಎ ಎರಡು ಪಟ್ಟು, ಎರಡು ಅಂಕಿ ಕಡಿಮೆಯಾದರೆ ನಾಲ್ಕು ಪಟ್ಟು, ಮೂರಾದರೆ ಎಂಟು. ಈ ಸೂಕ್ಷ್ಮತೆ ಐಎಚ್‌ಸಿಗೆ ಇಲ್ಲ. ಆದರೆ ಕೋವಿಡ್ ಪರೀಕ್ಷೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ವೈರಸ್ ಇದೆಯೋ ಇಲ್ಲವೋ ಅಂತ ನೋಡಿದರೆ ಸಾಕಿತ್ತು. ಇಲ್ಲಿ ಇಂಥ ತುಂಡಿನಲ್ಲಿ ಇಷ್ಟು ಅಂತ ತೂಗಬೇಕು. ತೂಗಲು ಕಲ್ಲು ಬೇಕು. ಆ ಕಲ್ಲೇ ರೆಫರೆನ್ಸ್ ಜೀನ್, ಅಂದರೆ ಎಲ್ಲ ಮಾದರಿಯಲ್ಲೂ ಒಂದೇ ಮಟ್ಟದಲ್ಲಿರಬೇಕಾದ ಜೀನ್.

ಲೆಕ್ಕ ಹೀಗೆ. ಗಡ್ಡೆಯಲ್ಲಿ ಇಎಸ್‌ಆರ್1 ಸಿಟಿ 26, ರೆಫರೆನ್ಸ್ 22, ವ್ಯತ್ಯಾಸ 4. ಪಕ್ಕದ ಒಳ್ಳೆಯ ಭಾಗದಲ್ಲಿ 28 ಮತ್ತು 22, ವ್ಯತ್ಯಾಸ 6. ನಾಲ್ಕಕ್ಕೂ ಆರಕ್ಕೂ ನಡುವೆ ಎರಡು. ಅಂದರೆ ಗಡ್ಡೆಯಲ್ಲಿ ನಾಲ್ಕು ಪಟ್ಟು. ಪ್ರೈಮರ್‌ಗಳು ಸರಿಯಾಗಿ ಕೆಲಸ ಮಾಡಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೂಗುವವರ ಕಲ್ಲೇ ದಿನಕ್ಕೊಂದು ತೂಕ ಆದರೆ ಏನು ಗತಿ? ಇಲ್ಲಿ ಅದೇ ಆಗುತ್ತದೆ. ಎಲ್ಲರೂ ರೆಫರೆನ್ಸಿಗೆ ಸುಮ್ನೆ ಜಿಎಪಿಡಿಎಚ್ ಎಂಬ ಜೀನ್ ಹಾಕುತ್ತಾರೆ. ಗಡ್ಡೆಯ ಒಳಗೆ ಆಕ್ಸಿಜನ್ ಕಡಿಮೆಯಾದರೆ ಆ ಜೀನ್ ತಾನೇ ಏರುತ್ತದೆ. ಆಗ ನಿಮ್ಮ ಹಾರ್ಮೋನ್ ಜೀನ್ ಇಳಿದ ಹಾಗೆ ಕಾಣುತ್ತದೆ, ಇಳಿದಿರುವುದಿಲ್ಲ. ಕನಿಷ್ಠ ಎರಡು ಮೂರು ರೆಫರೆನ್ಸ್ ಜೀನ್ ಇಡಿ, ನಿಮ್ಮದೇ ಮಾದರಿಗಳಲ್ಲಿ ಯಾವುದು ಅಲುಗಾಡುವುದಿಲ್ಲ ಅಂತ ನೋಡಿಕೊಂಡು ಆರಿಸಿ. 21 ಜೀನುಗಳ ಪ್ರಸಿದ್ಧ ಆಂಕೋಟೈಪ್ ಡಿಎಕ್ಸ್ ಪರೀಕ್ಷೆಯಲ್ಲಿ 16 ಕ್ಯಾನ್ಸರ್ ಜೀನ್ ತೂಗಲು 5 ರೆಫರೆನ್ಸ್ ಜೀನ್ ಇಟ್ಟಿದ್ದಾರೆ. ಅವರೇ ಐದು ಇಟ್ಟಿರುವಾಗ ನಾವು ಒಂದರಲ್ಲಿ ಮುಗಿಸುವುದು ಸರಿಯಲ್ಲ.

ಮೇಣದ ಬ್ಲಾಕಿನಿಂದ ಮಾಡುವವರಿಗೆ ನನ್ನ ಕೈ ಅನುಭವದ ಮಾತು. ಫಾರ್ಮಲಿನ್ ಆರ್‌ಎನ್‌ಎಯನ್ನು ಚೂರು ಮಾಡಿರುತ್ತದೆ. 60ರಿಂದ 100 ಬೇಸ್ ಉದ್ದದ ಚಿಕ್ಕ ತುಂಡು ಹಿಡಿಯುವ ಪ್ರೈಮರ್ ಆರಿಸಿ. 200 ದಾಟಿದರೆ ಒಳ್ಳೆಯ ಬ್ಲಾಕಿನಲ್ಲೂ ಏನೂ ಸಿಗದೇ ಇರಬಹುದು. ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ನಕಲು) ಮಾಡುವಾಗ ಆಲಿಗೋ ಡಿಟಿ ಒಂದನ್ನೇ ನಂಬಬೇಡಿ, ರ‍್ಯಾಂಡಮ್ ಪ್ರೈಮರ್ ಹಾಕಿ. ಪ್ರೈಮರ್ ಎರಡು ಎಕ್ಸಾನುಗಳ (ಆರ್‌ಎನ್‌ಎಯಲ್ಲಿ ಜೋಡಣೆಯಾಗುವ ಜೀನಿನ ತುಣುಕುಗಳು) ಗಡಿ ದಾಟುವಂತಿರಲಿ, ಇಲ್ಲದಿದ್ದರೆ ಜೊತೆಗೆ ಬಂದ ಡಿಎನ್‌ಎಯನ್ನೇ ಎಣಿಸಿ ಖುಷಿಪಡುತ್ತೀರಿ. ಸಿಡಿಎನ್‌ಎ ಮಾಡುವ ಎಂಜೈಮ್ (ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್) ಹಾಕದ ಒಂದು ಟ್ಯೂಬನ್ನು ಜೊತೆಗೆ ಓಡಿಸಿ. ಅದರಲ್ಲೂ ಸಿಗ್ನಲ್ ಬಂದರೆ ನಿಲ್ಲಿಸಿ, ಹಿಂದಕ್ಕೆ ಹೋಗಿ. ವರದಿಯಲ್ಲಿ ಏನೇನು ಬರೆಯಬೇಕು ಅಂತ 2009ರಲ್ಲಿ ಬಂದ ಎಂಐಕ್ಯೂಇ ಮಾರ್ಗಸೂಚಿ ಹೇಳುತ್ತದೆ. ಕೆಲಸ ಮುಗಿದ ಮೇಲೆ ಅಲ್ಲ, ಶುರು ಮಾಡುವ ಮುಂಚೆ ಓದಿ.

ದೊಡ್ಡ ಕೊರತೆ ಒಂದಿದೆ. ಶೇಂಗಾ ಚಟ್ನಿ ಕುಟ್ಟಿದ ಮೇಲೆ ಯಾವ ಕಾಳು ಕಹಿ ಇತ್ತು ಅಂತ ಹೇಳಲಾಗದು. ಪಿಸಿಆರ್‌ಗೆ ತುಂಡನ್ನು ಅರೆದು ಹಾಕುತ್ತೀರಿ. ಗಡ್ಡೆಯ ಕೋಶ, ಕೊಬ್ಬು, ನಾರು, ರಕ್ತದ ಕೋಶ ಎಲ್ಲ ಕಲೆಯುತ್ತವೆ. ಇಎಸ್‌ಆರ್1 ಕಡಿಮೆ ಬಂತು ಅಂದರೆ ಜೀನ್ ಕಡಿಮೆ ಇತ್ತೋ, ತುಂಡಿನಲ್ಲಿ ಗಡ್ಡೆಯೇ ಕಡಿಮೆ ಇತ್ತೋ? ಇದಕ್ಕೆ ಅಗ್ಗದ ಉಪಾಯ ಇದೆ. ಪೆಥಾಲಜಿಸ್ಟ್ ಎಚ್ ಆ್ಯಂಡ್ ಇ (ವಾಡಿಕೆಯ ಬಣ್ಣ ಹಾಕಿದ) ಸ್ಲೈಡಿನ ಮೇಲೆ ಪೆನ್ನಿನಿಂದ ಗಡ್ಡೆಯ ಭಾಗ ಗುರುತು ಮಾಡಿಕೊಡಲಿ. ಅದನ್ನು ಬಣ್ಣ ಹಾಕದ ಸ್ಲೈಡಿನ ಕೆಳಗೆ ಹಿಡಿದು, ಆ ಭಾಗವನ್ನು ಮಾತ್ರ ಹೊಸ ಬ್ಲೇಡಿನಿಂದ ಕೆರೆದು ತೆಗೆಯಿರಿ. ಬ್ಲೇಡಿನ ಬೆಲೆಯಲ್ಲಿ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಈ ಕೆಲಸ ಬಿಟ್ಟು ಮಾಡಿದ ಥೀಸಿಸ್‌ಗಳನ್ನು ನೋಡಿದಾಗ ನಿಜಕ್ಕೂ ಬೇಸರವಾಗುತ್ತದೆ.

ಪಿಸಿಆರ್ ಐಎಚ್‌ಸಿಗಿಂತ ಸ್ಪಷ್ಟವಾಗಿ ಗೆಲ್ಲುವ ಜಾಗವೂ ಇದೆ. ಪ್ರೊಸ್ಟೇಟ್ ಕ್ಯಾನ್ಸರಿನಲ್ಲಿ ಎಆರ್ ರಿಸೆಪ್ಟರಿನ ಎಆರ್-ವಿ7 ಎಂಬ ತುಂಡಾದ ರೂಪ ಬರುತ್ತದೆ. ಹಾರ್ಮೋನ್ ಹಿಡಿಯುವ ಭಾಗವೇ ಅದರಲ್ಲಿ ಇಲ್ಲ, ಆದರೂ ಸದಾ ಚಾಲೂ ಇರುತ್ತದೆ. ರಕ್ತದಲ್ಲಿ ತೇಲುವ ಕ್ಯಾನ್ಸರ್ ಕೋಶಗಳಲ್ಲಿ ಅದು ಕಂಡುಬಂದವರಿಗೆ ಎಂಜಲುಟಮೈಡ್, ಅಬಿರಟೆರೋನ್ ಎಂಬ ಹಾರ್ಮೋನ್ ತಡೆಯುವ ಔಷಧಿಗಳು ಸರಿಯಾಗಿ ಕೆಲಸ ಮಾಡುವುದಿಲ್ಲ ಅಂತ 2014ರಲ್ಲಿ ತೋರಿಸಿದರು. ವಾಡಿಕೆಯ ಎಆರ್ ಆ್ಯಂಟಿಬಾಡಿಗಳು ಹೆಚ್ಚಾಗಿ ಪ್ರೋಟೀನಿನ ಮುಂದಿನ ತುದಿಯನ್ನು ಹಿಡಿಯುತ್ತವೆ. ಅವಕ್ಕೆ ಪೂರ್ತಿ ರೂಪವೂ ತುಂಡು ರೂಪವೂ ಒಂದೇ. ಜೋಡಣೆಯ ಜಾಗಕ್ಕೇ ಕೂರುವ ಪ್ರೈಮರ್ ಎರಡನ್ನೂ ಬೇರೆ ಮಾಡುತ್ತದೆ.

ಸ್ಲೈಡ್ ಮೇಲೆಯೇ ಆರ್‌ಎನ್‌ಎ

ಚೀಟಿಯೂ ಬೇಕು, ಯಾವ ಒಲೆಯ ಚೀಟಿ ಅಂತಲೂ ಬೇಕು ಅನ್ನುವವರಿಗೆ ಇನ್ ಸಿಟು ಹೈಬ್ರಿಡೈಸೇಷನ್. ಈಗ ಹೆಚ್ಚು ಬಳಕೆಯಲ್ಲಿರುವುದು 2012ರಲ್ಲಿ ಬಂದ ಆರ್‌ಎನ್‌ಎಸ್ಕೋಪ್. ಮೇಣದ ಬ್ಲಾಕಿನ ಸ್ಲೈಡಿನಲ್ಲೇ ಒಂದೊಂದು ಆರ್‌ಎನ್‌ಎ ಅಣು ಒಂದೊಂದು ಚುಕ್ಕೆಯಾಗಿ ಕಾಣುತ್ತದೆ. ಚುಕ್ಕೆ ಎಣಿಸಬಹುದು. ಒಳ್ಳೆಯ ಆ್ಯಂಟಿಬಾಡಿ ಸಿಗದ ಹಾರ್ಮೋನುಗಳಿಗೆ, ಹುಟ್ಟಿದ ಕೂಡಲೇ ಕೋಶ ಬಿಟ್ಟು ಹೊರಡುವ ಹಾರ್ಮೋನುಗಳಿಗೆ ಇದಕ್ಕಿಂತ ನೇರವಾದ ಉತ್ತರ ಇಲ್ಲ.

ಕಿಟ್ ದುಬಾರಿ. 40 ಡಿಗ್ರಿಯಲ್ಲಿ ಸ್ಲೈಡ್ ಒಣಗದಂತೆ ಹಿಡಿದಿಡುವ ಒಲೆ ಬೇಕು. ಒಂದು ಸಲಕ್ಕೆ ಒಂದೆರಡು ಜೀನ್ ಅಷ್ಟೇ. ಪರೀಕ್ಷೆ ಸರಿಯಾಗಿದೆಯೇ ಅಂತ ನೋಡಲು ಪ್ರತಿ ಬ್ಲಾಕಿಗೂ ಪಿಪಿಐಬಿ ಎಂಬ ಪಾಸಿಟಿವ್ ಪ್ರೋಬ್ (ಆರ್‌ಎನ್‌ಎಗೆ ಅಂಟುವ ಗುರುತು), ಬ್ಯಾಕ್ಟೀರಿಯಾದ ಡಿಎಪಿಬಿ ಎಂಬ ನೆಗೆಟಿವ್ ಪ್ರೋಬ್ ಹಾಕಲೇಬೇಕು. ಹಾಗಾಗಿ ಸ್ಲೈಡ್ ಲೆಕ್ಕ ಮೂರು ಪಟ್ಟು ಆಗುತ್ತದೆ, ಬಜೆಟ್ ಹಾಕುವಾಗ ಇದನ್ನು ಮರೆಯುವವರೇ ಜಾಸ್ತಿ. 40 ಬ್ಲಾಕಿಗೆ ಇದನ್ನು ಮಾಡಲು ಹೋಗಬೇಡಿ. ಆರಿಸಿದ ಆರೇಳು ಬ್ಲಾಕಿಗೆ ಮಾಡಿ.

ಸೀಕ್ವೆನ್ಸಿಂಗ್

ಖಾನಾವಳಿಯ ಎಲ್ಲಾ ಚೀಟಿಗಳನ್ನೂ ಒಟ್ಟಿಗೆ ಓದುವುದು. ಪ್ರೋಟೀನ್ ಮಾಡುವ ಸುಮಾರು 20,000 ಜೀನುಗಳ ಲೆಕ್ಕ ಒಂದೇ ಸಲ ಸಿಗುತ್ತದೆ. ಏನು ಹುಡುಕಬೇಕು ಅಂತ ಗೊತ್ತಿಲ್ಲದಾಗ ಇದು ಸರಿ. ಗೊತ್ತಿದ್ದಾಗ ಇದು ದುಂದು. ಒಂದು ಮಾದರಿಗೆ ಹತ್ತಾರು ಸಾವಿರ ರೂಪಾಯಿ ಹಿಡಿಯುತ್ತದೆ. ಬ್ಲಾಕಿನ ಚೂರಾದ ಆರ್‌ಎನ್‌ಎಗೆ ಬೇರೆ ವಿಧದ ತಯಾರಿ ಬೇಕು. 200 ಬೇಸಿಗಿಂತ ಉದ್ದದ ತುಣುಕು ಎಷ್ಟು ಪ್ರತಿಶತ ಇದೆ ಅಂತ ಲ್ಯಾಬಿನವರು ಮೊದಲೇ ನೋಡುತ್ತಾರೆ, ಕಡಿಮೆ ಇದ್ದರೆ ಹಿಂದಕ್ಕೆ ಕಳಿಸುತ್ತಾರೆ.

ಹಣಕ್ಕಿಂತ ಹೆಚ್ಚು ಕಾಡುವುದು ಆಮೇಲಿನ ಕೆಲಸ. ಫೈಲುಗಳು ಬಂದು ಬೀಳುತ್ತವೆ, ಬಿಡಿಸುವವರು ಇರುವುದಿಲ್ಲ. ವಿಶ್ಲೇಷಣೆ ಮಾಡುವವರನ್ನು ಮಾದರಿ ಕಳಿಸುವ ಮೊದಲೇ ಜೊತೆಗೆ ಕೂರಿಸಿಕೊಳ್ಳಿ. ಗಡ್ಡೆಗಳನ್ನೆಲ್ಲ ಒಂದು ಸಲ, ಒಳ್ಳೆಯ ಭಾಗಗಳನ್ನೆಲ್ಲ ಇನ್ನೊಂದು ಸಲ ಕಳಿಸಿದರೆ, ಕಂಡ ವ್ಯತ್ಯಾಸ ರೋಗದ್ದೋ ದಿನಾಂಕದ್ದೋ ಅಂತ ಯಾರೂ ಹೇಳಲಾರರು. ಒಂದೊಂದೇ ಕೋಶದ ಸೀಕ್ವೆನ್ಸಿಂಗ್, ಸ್ಪೇಷಿಯಲ್ ವಿಧಾನ ಎಲ್ಲ ಇನ್ನೂ ದುಬಾರಿ. ದೊಡ್ಡ ಸಂಸ್ಥೆಯ ಜೊತೆ ಕೈಜೋಡಿಸಿದಾಗ ನೋಡಿದರಾಯಿತು.

ದುಡ್ಡಿಲ್ಲದೆ ಸಿಗುವುದು

ಬೇರೆಯವರು ಈಗಾಗಲೇ ಅಳೆದು ಇಟ್ಟದ್ದನ್ನು ಯಾಕೆ ನೋಡಬಾರದು? ಅಮೆರಿಕದ ಟಿಸಿಜಿಎ ಯೋಜನೆ 33 ಬಗೆಯ ಕ್ಯಾನ್ಸರಿನ ಮಾಹಿತಿ ತೆರೆದಿಟ್ಟಿದೆ. ಸ್ತನ ಕ್ಯಾನ್ಸರ್ ಒಂದರದ್ದೇ ಸಾವಿರದಷ್ಟು ಗಡ್ಡೆಗಳಿವೆ. ಸಿಬಯೋಪೋರ್ಟಲ್ ಜಾಲತಾಣದಲ್ಲಿ ಜೀನಿನ ಹೆಸರು ಹಾಕಿದರೆ ಸಾಕು, ಪ್ರೋಗ್ರಾಮಿಂಗ್ ಬರಬೇಕಿಲ್ಲ. ಸ್ವೀಡನ್ನಿನ ಹ್ಯೂಮನ್ ಪ್ರೋಟೀನ್ ಅಟ್ಲಾಸ್‌ನಲ್ಲಿ ಬಣ್ಣ ಹಾಕಿದ ಸ್ಲೈಡುಗಳೇ ಇವೆ. ಪ್ರೈಮರಿಗೆ ಆರ್ಡರ್ ಕೊಡುವ ಮುಂಚೆ ಒಂದು ಸಂಜೆ ಇಲ್ಲಿ ಕೂತರೆ, ನಿಮ್ಮ ಜೀನ್ ಆ ಗಡ್ಡೆಯಲ್ಲಿ ಕೆಲಸ ಮಾಡುತ್ತದೆಯೋ ಇಲ್ಲವೋ ಅಂತ ಅಂದಾಜು ಸಿಗುತ್ತದೆ.

ಕುರುಡಾಗಿ ನಂಬಬಾರದು. ಅಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳು ತೀರಾ ಕಡಿಮೆ. ಇನ್ನೊಂದು, ಧಾರವಾಡದ ಹುಡುಗ ಟಿಸಿಜಿಎಯಲ್ಲಿ ನೋಡಿ "ಮೇಡಂ, ಶ್ವಾಸಕೋಶದಲ್ಲಿ ಪಿಒಎಂಸಿ ಏನೂ ಇಲ್ಲವಲ್ಲ" ಅಂತ ಮುಖ ಸಪ್ಪೆ ಮಾಡಿಕೊಂಡು ಬಂದ. ಎಸಿಟಿಎಚ್ ಮಾಡುವುದು ಹೆಚ್ಚಾಗಿ ಸ್ಮಾಲ್ ಸೆಲ್ ಬಗೆಯ ಗಡ್ಡೆ ಮತ್ತು ಕಾರ್ಸಿನಾಯ್ಡ್. ಟಿಸಿಜಿಎಯ 33ರಲ್ಲಿ ಶ್ವಾಸಕೋಶದ ಸ್ಮಾಲ್ ಸೆಲ್ ಇಲ್ಲವೇ ಇಲ್ಲ. ಅವನು ಹುಡುಕಿದ್ದು ಬೇರೆಯವರ ಮನೆಯಲ್ಲಿ.

ಲಕ್ಷದ ಪರೀಕ್ಷೆ

ಆಂಕೋಟೈಪ್ ಡಿಎಕ್ಸ್ 21 ಜೀನ್, ಮಮ್ಮಾಪ್ರಿಂಟ್ 70 ಜೀನ್. ಇವು ಸಂಶೋಧನೆಗೆ ಅಲ್ಲ, ರೋಗಿಗೆ. ಉತ್ತರಿಸುವ ಪ್ರಶ್ನೆಯೂ ತುಂಬ ಇಕ್ಕಟ್ಟಿನದು. ಆಂಕೋಟೈಪ್ ಇರುವುದು ಹಾರ್ಮೋನ್ ರಿಸೆಪ್ಟರ್ ಪಾಸಿಟಿವ್, ಹರ್2 (ಕೋಶ ಬೆಳೆಯಲು ಹೇಳುವ ಇನ್ನೊಂದು ರಿಸೆಪ್ಟರ್) ನೆಗೆಟಿವ್ ಆದ, ಬೇಗ ಪತ್ತೆಯಾದ ಗಡ್ಡೆಗೆ. ಹಾರ್ಮೋನ್ ಮಾತ್ರೆ ಸಾಕೋ, ಕೀಮೋನೂ ಬೇಕೋ ಎಂಬ ಪ್ರಶ್ನೆಗೆ. 0ಯಿಂದ 100ರವರೆಗೆ ಅಂಕ ಕೊಡುತ್ತದೆ. ಕಂಕುಳಿನ ಗಂಟಿಗೆ ಹರಡದ, 50 ದಾಟಿದ ಹೆಂಗಸರಲ್ಲಿ ಅಂಕ 11ರಿಂದ 25 ಇದ್ದರೆ ಕೀಮೋದಿಂದ ಹೆಚ್ಚಿನ ಲಾಭ ಇಲ್ಲ ಅಂತ 2018ರಲ್ಲಿ ಬಂದ ಟೈಲರ್‌ಎಕ್ಸ್ ಅಧ್ಯಯನ ತೋರಿಸಿತು. ಸಾವಿರಾರು ಹೆಂಗಸರನ್ನು ಕೀಮೋದ ಕಷ್ಟದಿಂದ ಪಾರು ಮಾಡಿದ ಕೆಲಸ ಅದು. ಬೆಂಗಳೂರಿನ ಆಂಕೋಸ್ಟೆಮ್ ಕಂಪನಿಯ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಎಂಬುದೂ ಇದೆ. ಅದು ಐಎಚ್‌ಸಿಯಿಂದ ಐದು ಪ್ರೋಟೀನ್ ನೋಡಿ, ಗಡ್ಡೆಯ ಗಾತ್ರ, ಗ್ರೇಡ್, ಗಂಟುಗಳ ಲೆಕ್ಕ ಸೇರಿಸಿ ಮರುಕಳಿಸುವ ಅಪಾಯ ಹೇಳುತ್ತದೆ.

ದುಡ್ಡು ಕಟ್ಟುವ ಮುಂಚೆ ಡಾಕ್ಟರಿಗೆ ಒಂದೇ ಮಾತು ಕೇಳಿ: "ಇದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ?" ಗದಗಿನ ಅಣ್ಣನ ತಂಗಿಗೆ ಕಂಕುಳಿನ ಆರು ಗಂಟುಗಳಿಗೆ ಹರಡಿತ್ತು. ಕೀಮೋ ಬೇಕೇ ಬೇಕು ಅಂತ ಡಾಕ್ಟರ್ ಮೊದಲೇ ತೀರ್ಮಾನಿಸಿದ್ದರು. ಇಆರ್ ನೆಗೆಟಿವ್ ಆಗಿದ್ದರೂ ಪಾಸಿಟಿವ್ ಆಗಿದ್ದರೂ ಆ ಪರೀಕ್ಷೆ ಅವರಿಗೆ ಹೊಸದೇನೂ ಹೇಳುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಸರಿಯಾಗಿ ಮಾಡಿದ ಒಂದು ಐಎಚ್‌ಸಿ. ಹೊಲ ಉಳಿಯಿತು. ಕೀಮೋ ಮುಗಿದ ಮೇಲೆ ಹಾರ್ಮೋನ್ ಮಾತ್ರೆ ಶುರುವಾಗುತ್ತದೆ.

ಯಾರಿಗೆ ಏನು ಹೇಳಿದೆ

ಎಂ.ಡಿ. ಹುಡುಗಿಗೆ: 40ಕ್ಕೂ ಇಆರ್, ಪಿಆರ್ ಐಎಚ್‌ಸಿ ಮಾಡು. ಇಬ್ಬರು ಒಬ್ಬರಿಗೊಬ್ಬರು ಕೇಳದೆ ಅಂಕ ಹಾಕಲಿ. ಹಣ ಉಳಿದರೆ ಬ್ಲೇಡಿನಿಂದ ಕೆರೆದ ಗಡ್ಡೆಯಲ್ಲಿ ಇಎಸ್‌ಆರ್1, ಪಿಜಿಆರ್ ಎರಡಕ್ಕೇ ಪಿಸಿಆರ್. ಪಿಜಿಆರ್ ಯಾಕೆ ಅಂದರೆ, ಈಸ್ಟ್ರೋಜನ್ ರಿಸೆಪ್ಟರ್ ನಿಜವಾಗಿ ಕೆಲಸ ಮಾಡುತ್ತಿದ್ದರೆ ಅದು ಎಬ್ಬಿಸುವ ಜೀನುಗಳಲ್ಲಿ ಇದೂ ಒಂದು. ಇಆರ್ ಇದ್ದೂ ಪಿಆರ್ ಇಲ್ಲದ ಗಡ್ಡೆಗಳು, 1ರಿಂದ 10 ಪ್ರತಿಶತದ ಗಡ್ಡೆಗಳು, ಇಲ್ಲೇ ನಿನ್ನ ಥೀಸಿಸ್‌ನ ಜೀವ ಇದೆ. 14 ತಿಂಗಳಲ್ಲಿ ಮೊದಲ ಎರಡು ತಿಂಗಳು ಎಥಿಕ್ಸ್ ಕಮಿಟಿಗೆ ಇಡು. ರೋಗಿಯ ಪರೀಕ್ಷೆ ಮುಗಿದು ಉಳಿದ ಬ್ಲಾಕ್ ಬಳಸುವುದಕ್ಕೂ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ಕಮಿಟಿಯ ಒಪ್ಪಿಗೆ ಬೇಕು.

ಪಿಎಚ್‌.ಡಿ. ಹುಡುಗನಿಗೆ ಸೀಕ್ವೆನ್ಸಿಂಗ್ ಬೇಡ ಅಂದೆ. ಅವನಿಗೆ ಜೀನ್ ಗೊತ್ತಿದೆ. ಆದರೆ ಪಿಒಎಂಸಿಯಲ್ಲಿ ಒಂದು ಬಲೆ ಇದೆ. ಎಷ್ಟೋ ಸಾಮಾನ್ಯ ಅಂಗಾಂಶಗಳಲ್ಲೂ ಅದರ ಮೊಟಕು ಆರ್‌ಎನ್‌ಎ ಸಿಗುತ್ತದೆ, ಅದರಿಂದ ಹಾರ್ಮೋನ್ ಹೊರಬರುವುದಿಲ್ಲ. ಪ್ರೋಟೀನನ್ನು ಹೊರಗೆ ಕಳಿಸುವ ವಿಳಾಸ ಇರುವುದು ಎರಡನೇ ಎಕ್ಸಾನಿನಲ್ಲಿ. ಹಾಗಾಗಿ ಎರಡು ಮತ್ತು ಮೂರನೇ ಎಕ್ಸಾನಿನ ಗಡಿ ದಾಟುವ ಪ್ರೈಮರ್ ಇರಬೇಕು. ಪೂರ್ತಿ ಆರ್‌ಎನ್‌ಎ ಸಿಕ್ಕರೂ ಪಿಒಎಂಸಿ ಪ್ರೋಟೀನ್ ಕತ್ತರಿಸಲ್ಪಟ್ಟು ಎಸಿಟಿಎಚ್ ಆಗಬೇಕಲ್ಲ, ಅದಕ್ಕೆ ಅದೇ ಬ್ಲಾಕಿನಲ್ಲಿ ಎಸಿಟಿಎಚ್ ಐಎಚ್‌ಸಿ ಜೊತೆಗಿರಲಿ. ಎರಡೂ ಹೊಂದದ ನಾಲ್ಕೈದು ಬ್ಲಾಕಿಗೆ ಮಾತ್ರ ಆರ್‌ಎನ್‌ಎಸ್ಕೋಪ್. ಇದೆಲ್ಲ ಸೇರಿದರೂ ಸೀಕ್ವೆನ್ಸಿಂಗಿನ ಖರ್ಚಿಗಿಂತ ಎಷ್ಟೋ ಕೆಳಗೆ ನಿಲ್ಲುತ್ತದೆ.

ನೀವು ಈ ಮೂವರಲ್ಲಿ ಯಾರೂ ಅಲ್ಲದಿದ್ದರೆ, ಯಾವ ಲ್ಯಾಬಿಗೆ ಮಾದರಿ ಕಳಿಸುತ್ತೀರೋ ಅಲ್ಲಿಗೆ ಮೊದಲು ಫೋನ್ ಮಾಡಿ. ಯಾವ ಕ್ಲೋನ್, ಎಷ್ಟು ರೆಫರೆನ್ಸ್ ಜೀನ್, ಎಷ್ಟು ಸ್ಲೈಡ್ ಬೇಕು, ಪರೀಕ್ಷೆ ವಿಫಲವಾದರೆ ಮತ್ತೆ ಮಾಡಿಕೊಡುತ್ತೀರಾ ಅಂತ ಕೇಳಿ. ಆಪರೇಷನ್ ಇನ್ನೂ ಆಗಿಲ್ಲದಿದ್ದರೆ ಥಿಯೇಟರಿನ ಸಿಸ್ಟರ್ ಹತ್ತಿರ ಹೋಗಿ, ಡಬ್ಬಿಯ ಮೇಲೆ ಎರಡು ಸಮಯ ಬರೆಯಲು ಕೇಳಿಕೊಳ್ಳಿ: ಗಡ್ಡೆ ಹೊರಗೆ ಬಂದದ್ದು ಎಷ್ಟಕ್ಕೆ, ಫಾರ್ಮಲಿನ್‌ಗೆ ಬಿದ್ದದ್ದು ಎಷ್ಟಕ್ಕೆ.